ಅನುಮತಿಗೆ ಕಾಯುತ್ತಾ ಕುಳಿತವರು

ಪ್ರಕೃತಿ ವಿಕೋಪಕ್ಕೆ ಬಡವ-ಬಲ್ಲಿದ, ಹೆಣ್ಣು-ಗಂಡು ಎಂಬ ಭೇದವಿಲ್ಲ ಎಂದು ನಾವು ಹೇಳುವುದುಂಟು. ಬಿರುಗಾಳಿಯ ಮಟ್ಟಿಗೆ ಅದು ನಿಜ. ಸತ್ತವರ ಲೆಕ್ಕ ಮಾತ್ರ ಬೇರೆಯೇ ಹೇಳುತ್ತದೆ.

1991ರ ಎಪ್ರಿಲ್ 29ರ ರಾತ್ರಿ ಬಾಂಗ್ಲಾದೇಶದ ಚಿತ್ತಗಾಂಗ್ ಕರಾವಳಿಗೆ ಅಪ್ಪಳಿಸಿದ ಚಂಡಮಾರುತಕ್ಕೆ ಸುಮಾರು 1 ಲಕ್ಷ 40 ಸಾವಿರ ಮಂದಿ ಬಲಿಯಾದರು. 20ರಿಂದ 44ರ ವಯಸ್ಸಿನವರಲ್ಲಿ ಸಾವಿರಕ್ಕೆ 15 ಪುರುಷರು ಸತ್ತರೆ, ಮಹಿಳೆಯರು ಸಾವಿರಕ್ಕೆ 71. ಗಟ್ಟಿಮುಟ್ಟಾದ ಪ್ರಾಯದಲ್ಲೇ ಇಷ್ಟೊಂದು ಅಂತರವೇಕೆ? ಎಚ್ಚರಿಕೆಯೇನೋ ಕೊಡಲಾಗಿತ್ತು. ಆದರೆ ಅದು ಹೆಚ್ಚಾಗಿ ಹರಡಿದ್ದು ಬೀದಿ, ಸಂತೆಗಳಲ್ಲಿ, ಗಂಡಸರಿಂದ ಗಂಡಸರಿಗೆ. ಅನೇಕ ತಾಯಂದಿರು ಮಕ್ಕಳನ್ನು ಅವಚಿಕೊಂಡು ಗಂಡನ ಮಾತಿಗಾಗಿ ಮನೆಯಲ್ಲೇ ಕಾದರು. ಆಶ್ರಯತಾಣಗಳೇ ಕಡಿಮೆ, ಇದ್ದವುಗಳಲ್ಲೂ ಹೆಂಗಸರಿಗೆ ಪ್ರತ್ಯೇಕ ಕೋಣೆ, ಶೌಚಾಲಯ ಅಪರೂಪ. ಈಜು ಬಲ್ಲವರು ವಿರಳ. ಸೀರೆ ಕಾಲಿಗೆ ತೊಡರಿತು.

ಇದನ್ನು ಕೇಳಿದೊಡನೆ ಕೆಲವರು ಪರ್ದಾವನ್ನು ದೂರುತ್ತಾರೆ. ನಮ್ಮಲ್ಲಿ ಕೆಲವರು ವಿಧಿಲಿಖಿತವೆಂದು ಸುಮ್ಮನಾಗುತ್ತಾರೆ. ಎರಡೂ ಸುಲಭದ ಉತ್ತರಗಳೇ. ಇಮಾಮ್ ಗಝಾಲಿಯವರು ಎಣಿಸಿದ ಶರೀಅತ್‌ನ ಐದು ಉದ್ದೇಶಗಳಲ್ಲಿ ಪ್ರಾಣರಕ್ಷಣೆಯೂ ಒಂದು. ಪ್ರಾಣಾಪಾಯದಲ್ಲಿ ನಿಷಿದ್ಧವೂ ಅನುಮತಿಸಲ್ಪಡುತ್ತದೆ ಎಂಬುದು ಕರ್ಮಶಾಸ್ತ್ರದ ಪ್ರಸಿದ್ಧ ಸೂತ್ರ. ಹೀಗಿರುವಾಗ, ನೀರು ಹೊಸ್ತಿಲಿಗೆ ಬಂದರೂ ಅನುಮತಿಗೆ ಕಾಯಬೇಕೆಂದು ಆ ತಾಯಂದಿರಿಗೆ ಕಲಿಸಿದ್ದು ಯಾರು? ಆ ಹೊಣೆಯನ್ನು ಧರ್ಮದ ಮೇಲೆ ಹೊರಿಸಿ ನಾವು ಪಾರಾಗುವಂತಿಲ್ಲ. ಕಲಿಸಿದವರು ನಮ್ಮಂತಹ ಗಂಡಸರೇ.

ಬಾಂಗ್ಲಾದೇಶ ತನ್ನ ತಪ್ಪಿನಿಂದ ಪಾಠ ಕಲಿಯಿತು. ಆಶ್ರಯತಾಣಗಳು ಹೆಚ್ಚಿದವು, ಹೊಸದಾಗಿ ಕಟ್ಟಿದವುಗಳಲ್ಲಿ ಮಹಿಳೆಯರಿಗೆ ಪ್ರತ್ಯೇಕ ಜಾಗ ಬಂತು. ಅಲ್ಲಿನ ಚಂಡಮಾರುತ ಮುನ್ನೆಚ್ಚರಿಕಾ ಕಾರ್ಯಕ್ರಮದ ಸುಮಾರು 76 ಸಾವಿರ ಸ್ವಯಂಸೇವಕರಲ್ಲಿ ಈಗ ಅರ್ಧದಷ್ಟು ಮಹಿಳೆಯರು. ಅವರು ಅಡುಗೆಮನೆಯ ತನಕವೂ ಹೋಗಿ ಎಚ್ಚರಿಸಬಲ್ಲರು. 2007ರ ಸಿದ್ರ್ ಚಂಡಮಾರುತದಲ್ಲಿ ಸಾವಿನ ಸಂಖ್ಯೆ ಸುಮಾರು 3,400ಕ್ಕೆ ಇಳಿದಿತ್ತು. ವಿಶ್ವಸಂಸ್ಥೆಯ ಹವಾಮಾನ ಸಮ್ಮೇಳನವು ಲಿಂಗ ಸಮಾನತೆಗಾಗಿ ಮೊದಲ ಕ್ರಿಯಾಯೋಜನೆಯನ್ನು ಒಪ್ಪಿಕೊಂಡದ್ದು 2017ರಲ್ಲಿ.

ಎಲ್ಲರಿಗೂ ಕೇಳಿಸುವಂತೆ ಕೂಗಿದ ಮಾತ್ರಕ್ಕೆ ಒಂದು ನೀತಿ ನ್ಯಾಯಯುತವಾಗುವುದಿಲ್ಲ. ಕೇಳಿದವಳಿಗೆ ಹೊರಡುವ ಸ್ವಾತಂತ್ರ್ಯವಿರಬೇಕು, ಹೋದಲ್ಲಿ ಮಾನದಿಂದ ಕೂರುವ ಜಾಗವಿರಬೇಕು. ಯೋಜನೆ ರೂಪಿಸುವ ಸಭೆಯಲ್ಲಿ ಅವಳೂ ಇದ್ದರೆ ಇದನ್ನು ಯಾರೂ ನೆನಪಿಸಬೇಕಾಗಿಲ್ಲ.

2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನೂ ತಟ್ಟಿತು. ನಾಳೆ ನಮ್ಮ ಮಸೀದಿಯ ಮೈಕಿನಲ್ಲಿ ಎಚ್ಚರಿಕೆ ಮೊಳಗಿದರೆ, ನಮ್ಮ ಮನೆಯ ಹೆಣ್ಣುಮಕ್ಕಳು ಯಾರನ್ನೂ ಕೇಳದೆ ಎದ್ದು ಹೊರಡಬಲ್ಲರೇ? ಇಂದೇ ಮನೆಯಲ್ಲಿ ಕೇಳಿ ನೋಡೋಣ.