ಆಟ ನಿಂತ ಮೇಲಿನ ಕೀರ್ತಿ ಯಾರ ಪಾಲು?

ಆಡುವುದನ್ನು ಬಿಟ್ಟು ಎಷ್ಟೋ ವರ್ಷ ಕಳೆದರೂ ಒಬ್ಬ ಫುಟ್‌ಬಾಲ್ ಆಟಗಾರನನ್ನು ಜನ ತಲೆಯ ಮೇಲೆ ಹೊತ್ತು ಮೆರೆಸುತ್ತಾರಲ್ಲ, ಆ ಪ್ರೀತಿಗೆ ಆತ ಹಕ್ಕುದಾರನೇ? ಲಿಂಗಸುಗೂರು ತಾಲೂಕಿನ ಅಮರೇಶ್ವರದವರೆನ್ನುವ ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರ ಕಥೆ ಬಲ್ಲವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ಬಂದಾಗ ಲಕ್ಕಮ್ಮ ಅದನ್ನು ಒಲೆಗೇರಿಸಲಿಲ್ಲ. ತಂದಲ್ಲಿಗೇ ಸುರಿದು ಬನ್ನಿ ಎಂದು ಗಂಡನನ್ನು ಕಳಿಸಿದಳು. ಅಂದಿನ ದುಡಿಮೆಗೆ ಅಂದಿನ ಪಾಲು, ಮಿಕ್ಕಿದ್ದು ಆಸೆ. ಈ ಅಳತೆಯಲ್ಲಿ ನೋಡಿದರೆ, ಕಾಲು ನಿಂತ ಮೇಲೂ ಬರುತ್ತಲೇ ಇರುವ ಕೀರ್ತಿ ಹಿಂದಿರುಗಿಸಬೇಕಾದ ಅಕ್ಕಿಯೇ. ಆದರೆ ನಾನು ಇದನ್ನು ಒಪ್ಪಲಾರೆ.

ಬೆಂಗಳೂರಿನ ಅಹ್ಮದ್ ಖಾನ್ ಅವರನ್ನು ತೆಗೆದುಕೊಳ್ಳಿ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯದ ಎದುರು ಭಾರತ 10–1ರಿಂದ ಸೋತಾಗ ನಮ್ಮ ಆ ಒಂದೇ ಗೋಲು ಅವರದು. ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡದ ಮುಂಚೂಣಿಯ ಐವರನ್ನು ಜನ ಪಂಚಪಾಂಡವರೆಂದೇ ಕರೆದರು: ಅಹ್ಮದ್, ಅಪ್ಪಾರಾವ್, ಧನರಾಜ್, ಮತ್ತು ಅಂಚಿನ ಆಟಗಾರರಾದ ವೆಂಕಟೇಶ್, ಸಾಲೆ. ಈ ಅಂಚಿನ ಆಟಗಾರನ, ಅಂದರೆ ವಿಂಗರ್‌ನ, ಕೆಲಸ ಎಂಥದ್ದು ನೋಡಿ. ಗೆರೆಯುದ್ದಕ್ಕೂ ಓಡಿ, ಎದುರಾಳಿಯನ್ನು ಏಮಾರಿಸಿ, ಚೆಂಡನ್ನು ನಡುವಿಗೆ ತೇಲಿಸುತ್ತಾನೆ. ಗೋಲನ್ನು ತನ್ನ ಹೆಸರಿಗೆ ಬರೆಸಿಕೊಳ್ಳುವವನು ಬಹಳ ಸಲ ಇನ್ನೊಬ್ಬ. ಹೆಸರಿಲ್ಲದೆಯೂ ಉಳಿಯುವ ಕೆಲಸಗಳುಂಟು: ಮಸ್ಕಿಯ ಬಂಡೆಯ ಮೇಲಿನ ಶಾಸನ 1915ರಲ್ಲಿ ಬೆಳಕಿಗೆ ಬರುವ ತನಕ ‘ದೇವಾನಾಂಪ್ರಿಯ’ ಎಂಬ ಬಿರುದಿನ ಶಾಸನಗಳಲ್ಲಿ ಅಶೋಕನ ಹೆಸರು ಸಿಕ್ಕಿರಲಿಲ್ಲ. ಆದರೂ ಆತನ ಮಾತು ಕಲ್ಲಿನಲ್ಲಿ ಉಳಿದಿತ್ತು. ಆಟಗಾರನಿಗೆ ಇದು ತಿರುವುಮುರುವು. ಆಟ ಆಡಿದ ಗಳಿಗೆಯಲ್ಲೇ ಮುಗಿದುಹೋಗುತ್ತದೆ, ಉಳಿಯುವುದು ನೋಡಿದವರ ನೆನಪು, ಅದರ ಜೊತೆಗೆ ಹೆಸರು. ಆ ಹೆಸರನ್ನೂ ಹಿಂದಿರುಗಿಸು ಎಂದರೆ ಕಾಯಕವನ್ನೇ ಅಳಿಸಿದಂತೆ.

ಸಿಂಧನೂರಿನಲ್ಲಿ ತುಂಗಭದ್ರಾ ಎಡದಂಡೆ ನಾಲೆಯ ನೀರು ಕಟ್ಟಿ ಭತ್ತ ಬೆಳೆಯುವವನ ಹೆಸರನ್ನು ಯಾರೂ ಕೂಗುವುದಿಲ್ಲವಲ್ಲ ಎಂದು ಕೇಳಬಹುದು. ನಿಜ, ಅದು ಅನ್ಯಾಯವೇ. ರೈತನಿಗೆ ಸಲ್ಲದ ಗೌರವ ಆಟಗಾರನನ್ನು ಮರೆತರೆ ಸಂದೀತೇ? ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಕೀರ್ತಿ ಮನುಷ್ಯನನ್ನು ಕೆಡಿಸುತ್ತದೆ. ಬ್ರೆಜಿಲ್‌ಗೆ 1958 ಮತ್ತು 1962ರಲ್ಲಿ ವಿಶ್ವಕಪ್ ಗೆಲ್ಲಿಸಿಕೊಟ್ಟವರಲ್ಲೊಬ್ಬರಾದ ವಿಂಗರ್ ಗರಿಂಚಾ ಅವರ 1973ರ ವಿದಾಯ ಪಂದ್ಯಕ್ಕೆ ಮರಕಾನಾದಲ್ಲಿ ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಹತ್ತು ವರ್ಷ ತುಂಬುವ ಮೊದಲೇ, 49ನೇ ವಯಸ್ಸಿನಲ್ಲಿ, ಕುಡಿತದಿಂದ ಬಳಲಿ ತೀರಿಕೊಂಡರು. ಜನಪ್ರೀತಿ ಅವರನ್ನು ಉಳಿಸಲಿಲ್ಲ. ಇಲ್ಲಿ ಲಕ್ಕಮ್ಮನ ಲೆಕ್ಕವನ್ನು ಪ್ರೇಕ್ಷಕರಿಗೆ ಹಾಕಬೇಕು. ದುಡಿಮೆಗೆ ಮೀರಿ ಪಡೆದವರು ನಾವು: ಒಂದು ಟಿಕೆಟ್ ಕೊಟ್ಟು ಜೀವಮಾನವಿಡೀ ಮೆಲುಕು ಹಾಕುವ ಸಂತೋಷವನ್ನು ಮನೆಗೆ ಒಯ್ದವರು. ಜೈಕಾರ ಕೂಗಿದ ಮಾತ್ರಕ್ಕೆ ಆ ಬಾಕಿ ತೀರುವುದಿಲ್ಲ. ನಿಮ್ಮೂರಿನಲ್ಲಿ ಹಳೆಯ ಆಟಗಾರರಿದ್ದರೆ ಶಾಲು ಹೊದಿಸಿ, ಫೋಟೊ ತೆಗೆಸಿಕೊಂಡು ಹೊರಟುಬಿಡಬೇಡಿ; ಊಟ, ಔಷಧಿ, ಪಿಂಚಣಿ ಹೇಗೆ ನಡೆದಿದೆ ಎಂದು ಕೇಳಿ.