ಮಸಿ ಬಳಿದ ಸಾಕ್ಷಿ

ಯುದ್ಧಕ್ಕೆ ಕೋವಿಯು ಎಷ್ಟು ಬೇಕೋ ಕಾಗದವೂ ಅಷ್ಟೇ ಬೇಕು. ಅಪ್ಪಣೆ, ನಕ್ಷೆ, ಸೆರೆಯವರ ವಿಚಾರಣೆ, ಸತ್ತವರ ವರದಿ ಇವೆಲ್ಲವೂ ಬರೆಯಲ್ಪಟ್ಟು ಕಪಾಟನ್ನು ಸೇರುತ್ತವೆ.

ಅಮೇರಿಕದ ಜೆನ್ನಿ ಹೋಲ್ಜರ್ ಎಂಬ ಚಿತ್ರಗಾರ್ತಿಯು, 2003ರಲ್ಲಿ ಆರಂಭವಾದ ಇರಾಕ್ ಯುದ್ಧದ ವಿಷಯವಾಗಿ ತನ್ನ ಸರಕಾರವೇ ಹೊರಗೆ ಬಿಟ್ಟ ಇಂಥಾ ಕಾಗದಗಳನ್ನು ದೊಡ್ಡದಾಗಿ ಬಟ್ಟೆಯ ಮೇಲೆ ಬಣ್ಣದಿಂದ ಮೂಡಿಸಿದಳು. ಅಧಿಕಾರಿಗಳು ಮಸಿ ಬಳಿದು ಮುಚ್ಚಿದ ಸಾಲುಗಳನ್ನೂ ಹಾಗೆಯೇ ಇಟ್ಟಳು. 2007ರಲ್ಲಿ ಇಟಲಿಯ ವೆನಿಸ್ ಪಟ್ಟಣದ ಪ್ರದರ್ಶನದಲ್ಲಿ ಇಡಲ್ಪಟ್ಟ ಕೆಲವು ಚಿತ್ರಗಳಲ್ಲಿ, ಅಪರಾಧ ಹೊರಿಸಲ್ಪಟ್ಟ ಸೈನಿಕರ ಅಂಗೈ ಗುರುತುಗಳು ಕಪ್ಪಾಗಿ ಮುಚ್ಚಲ್ಪಟ್ಟಿದ್ದವು.

ಪರರ ಸಂಕಟವನ್ನು ಗೋಡೆಯ ಅಲಂಕಾರವಾಗಿ ಮಾಡುವದು ನ್ಯಾಯವೋ ಎಂದು ಯಾವನಾದರೂ ಕೇಳಾನು. ಆ ಭಯವು ಸುಳ್ಳಲ್ಲ. ಬಣ್ಣವು ಸಂಕಟವನ್ನು ಅಂದಗೊಳಿಸಿದರೆ ಅದು ದೋಷವೇ ಸರಿ. ಆದಾಗ್ಯೂ ಕಪಾಟಿನಲ್ಲಿ ಕಟ್ಟಿಟ್ಟ ಕಾಗದಕ್ಕೆ ಯಾವನೂ ಉತ್ತರ ಕೊಡಬೇಕಾಗಿಲ್ಲ. ಎಲ್ಲರ ಕಣ್ಣ ಮುಂದೆ ನಿಲ್ಲಿಸಿದ ಕಾಗದವೋ ಉತ್ತರವನ್ನು ಕೇಳುತ್ತದೆ. ಕೂಡಿಸದೆ, ಕಳೆಯದೆ, ಇದ್ದದ್ದನ್ನು ಇದ್ದ ಹಾಗೆ ತೋರಿಸುವವನು ಅಲಂಕಾರ ಮಾಡುವವನಲ್ಲ, ಸಾಕ್ಷಿ ಹೇಳುವವನು. ಅಲ್ಲಿ ಮಸಿಯೂ ಸಾಕ್ಷಿಯೇ. ಯಾಕಂದರೆ ಮುಚ್ಚತಕ್ಕದ್ದು ಇತ್ತೆಂಬದನ್ನು ಅದೇ ತಿಳಿಸುತ್ತದೆ.

ಆದಕಾರಣ ನೋಡುವವನ ಮೇಲೂ ಒಂದು ಭಾರವುಂಟು. ಮೆಚ್ಚಿ ಮನೆಗೆ ಹೋಗುವ ಮುಂಚೆ ಅವನು, ಇಲ್ಲಿ ಯಾರ ಹೆಸರು ಮುಚ್ಚಲ್ಪಟ್ಟಿತು, ಯಾಕೆ ಮುಚ್ಚಲ್ಪಟ್ಟಿತು ಎಂದು ಕೇಳಲಿ.