ಕೊಳ್ಳುವ ಮುನ್ನ ವಿಚಾರಣೆ: ಅವಿಶ್ವಾಸವೋ, ವ್ರತವೋ?

ಕೆಲವು ವರ್ಷಗಳ ಹಿಂದೆ ನಮ್ಮ ಊರಿನ ಬಸದಿಯ ಆಡಳಿತ ಸಮಿತಿಯ ಮುಂದೆ ಒಂದು ಸಣ್ಣ ಪ್ರಶ್ನೆ ಬಂದಿತು. ವೃದ್ಧರಾದ ಶ್ರಾವಕ-ಶ್ರಾವಿಕೆಯರನ್ನು ಪರ್ವದಿನಗಳಲ್ಲಿ ದರ್ಶನಕ್ಕೆ ಕರೆತರಲು ಬಳಸಿದ ವಾಹನವೊಂದನ್ನು ಕೊಳ್ಳುವುದೆಂದು ತೀರ್ಮಾನವಾಗಿತ್ತು. ಮಾರಲು ಮುಂದೆ ಬಂದವರು ನಮ್ಮ ಸಾಧರ್ಮಿ ಬಂಧುಗಳೇ. ಬೆಲೆಯೂ ಮಿತವಾಗಿತ್ತು. ಕೆಲವು ಸಾವಿರ ರೂಪಾಯಿ ಶುಲ್ಕ ತೆತ್ತು ವಾಹನದ ಪೂರ್ವವೃತ್ತಾಂತವನ್ನು ಪರೀಕ್ಷಿಸೋಣವೆಂದು ಸದಸ್ಯರೊಬ್ಬರು ಸೂಚಿಸಿದರು. ಆಗ ಹಿರಿಯರೊಬ್ಬರು ನೊಂದು ಕೇಳಿದರು: “ಸಾಧರ್ಮಿಯ ಮಾತಿಗೂ ಸಾಕ್ಷಿ ಬೇಕೆ? ನಿಃಶಂಕಿತವು ಸಮ್ಯಗ್ದರ್ಶನದ ಮೊದಲ ಅಂಗವಲ್ಲವೆ?”

ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ವಿವರಿಸುವ ಎಂಟು ಅಂಗಗಳಲ್ಲಿ ನಿಃಶಂಕಿತವೂ ಇದೆ. ಸಾಧರ್ಮಿಗಳಲ್ಲಿ ಪ್ರೀತಿಯನ್ನಿಡುವ ವಾತ್ಸಲ್ಯವೂ ಇದೆ. ಸಮಾಜವು ನಿಂತಿರುವುದೇ ಪರಸ್ಪರ ನಂಬಿಕೆಯ ಮೇಲೆ. ಆದರೆ ನಿಃಶಂಕಿತವೆಂಬುದು ಜಿನೋಕ್ತವಾದ ತತ್ತ್ವದಲ್ಲಿ ಇರಬೇಕಾದ ಅಚಲ ಶ್ರದ್ಧೆ. ಒಂದು ವಾಹನದ ಬ್ರೇಕಿನ ಸ್ಥಿತಿಯು ಆಪ್ತವಚನದ ವಿಷಯವಲ್ಲ; ಅದು ಕಣ್ಣಿಟ್ಟು ನೋಡಿ ತಿಳಿಯಬೇಕಾದ ವಿಷಯ. ಮೊದಲನೆಯದಕ್ಕೆ ಸಲ್ಲುವ ಶ್ರದ್ಧೆಯನ್ನು ಎರಡನೆಯದಕ್ಕೆ ಬಳಸಿದರೆ ಶ್ರದ್ಧೆಯ ಘನತೆ ಹೆಚ್ಚುವುದಿಲ್ಲ.

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಣುವ್ರತಗಳ ಅತಿಚಾರಗಳನ್ನು ಹೇಳಿದ್ದಾರೆ. ಸುಳ್ಳು ದಾಖಲೆಯನ್ನು ಸೃಷ್ಟಿಸುವ ಕೂಟಲೇಖಕ್ರಿಯೆಯು ಸತ್ಯವ್ರತದ ಅತಿಚಾರ. ಅಳತೆಯಲ್ಲಿ ಮೋಸಮಾಡುವುದು ಅಚೌರ್ಯವ್ರತದ ಅತಿಚಾರ. ಓಡಿದ ದೂರವನ್ನು ತೋರಿಸುವ ಮೀಟರನ್ನು ಹಿಂದಕ್ಕೆ ತಿರುಗಿಸುವುದೂ ಅಳತೆಯ ಮೋಸವೇ. ಇವೆರಡೂ ಮಾರುವವನ ದೋಷಗಳು. ಆದರೆ ಕೊಳ್ಳುವವನನ್ನೇ ಕುರಿತ ಅತಿಚಾರವೂ ಅಲ್ಲಿದೆ: ತದಾಹೃತಾದಾನ, ಎಂದರೆ ಕದ್ದು ತಂದುದನ್ನು ಸ್ವೀಕರಿಸುವುದು. ಪೂಜ್ಯಪಾದಾಚಾರ್ಯರ ಸರ್ವಾರ್ಥಸಿದ್ಧಿಯು ಇದನ್ನು ಅರ್ಥೈಸುವಾಗ, ಕಳ್ಳನನ್ನು ನಾವು ಪ್ರೇರೇಪಿಸದಿದ್ದರೂ, ಅವನ ಕೃತ್ಯಕ್ಕೆ ಅನುಮತಿ ನೀಡದಿದ್ದರೂ, ಅವನು ತಂದುದನ್ನು ಪಡೆಯುವುದು ದೋಷವೆನ್ನುತ್ತದೆ. ಲೌಕಿಕ ಕಾನೂನಿನ ದೃಷ್ಟಿಯೂ ಇದಕ್ಕೆ ದೂರವಿಲ್ಲ. 1930ರ ಸರಕು ಮಾರಾಟ ಅಧಿನಿಯಮದ ಪ್ರಕಾರ, ಮಾರುವವನಿಗೇ ಇಲ್ಲದ ಒಡೆತನವು ಸಾಮಾನ್ಯವಾಗಿ ಕೊಳ್ಳುವವನಿಗೆ ದೊರೆಯುವುದಿಲ್ಲ. “ನನಗೆ ತಿಳಿದಿರಲಿಲ್ಲ” ಎಂಬ ಸಮಾಧಾನವು, ತಿಳಿಯಲು ಯತ್ನಿಸಿದವನ ಬಾಯಲ್ಲಿ ಮಾತ್ರ ಶೋಭಿಸುತ್ತದೆ.

ಇಂದು ತಿಳಿಯುವುದು ಕಷ್ಟವೂ ಅಲ್ಲ. ವಾಹನವು ಯಾರ ಹೆಸರಿನಲ್ಲಿದೆ, ನೋಂದಣಿಯ ದಿನಾಂಕವೇನು, ವಿಮೆಯ ಅವಧಿ ಎಂದಿನವರೆಗಿದೆ, ಸಾಲಕ್ಕಾಗಿ ಬ್ಯಾಂಕಿಗೆ ಅಡವಾಗಿದೆಯೇ ಎಂಬುದನ್ನು ಸರಕಾರದ ‘ವಾಹನ್’ ದಾಖಲೆಗಳಿಂದ ಅರಿಯಬಹುದು. ಆರ್.ಸಿ. ಪುಸ್ತಕದಲ್ಲಿರುವ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳನ್ನು ವಾಹನದ ಮೇಲೆ ಕೊರೆದ ಸಂಖ್ಯೆಗಳೊಡನೆ ತಾಳೆ ನೋಡಲು ಹಣವೇ ಬೇಕಿಲ್ಲ. ಆದರೆ ದಾಖಲೆಯು ಹೇಳದ ಸಂಗತಿಗಳೂ ಇವೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬಡಾವಣೆಗಳು ಜಲಾವೃತವಾದಾಗ ನೆಲಮಾಳಿಗೆಗಳಲ್ಲಿ ನಿಂತಿದ್ದ ಕಾರುಗಳು ಮುಳುಗಿದವು. ಹಾಗೆ ಮುಳುಗಿದ ವಾಹನವನ್ನು ತೊಳೆದು ಒಣಗಿಸಿ ಹೊಳಪು ಕೊಟ್ಟರೆ ಆರ್.ಸಿ. ಪುಸ್ತಕದಲ್ಲಿ ಅದರ ಗುರುತೇನೂ ಉಳಿಯುವುದಿಲ್ಲ. ಅಪಘಾತದಲ್ಲಿ ಬಾಗಿದ ಚೌಕಟ್ಟನ್ನು ನೆಟ್ಟಗೆ ಮಾಡಿದ ಗುರುತು, ತುಕ್ಕು ತಿಂದ ತಂತಿ ಇವೆಲ್ಲವನ್ನೂ ಕಾಣಲು ಬಲ್ಲವರ ಕಣ್ಣು ಬೇಕು, ಸರ್ವಿಸ್ ಕೇಂದ್ರದ ಹಳೆಯ ಲೆಕ್ಕ ಬೇಕು. ಶುಲ್ಕ ತೆರಬೇಕಾದುದು ಈ ಕೆಲಸಕ್ಕೆ.

ಆ ಶುಲ್ಕವನ್ನು ಉಳಿಸುವುದು ಮಿತವ್ಯಯವೆಂದು ತೋರಬಹುದು. ಆದರೆ ಹಿಂಸೆಯ ಮೂಲವು ಪ್ರಮಾದದಲ್ಲಿದೆಯೆಂದು ನಮ್ಮ ಆಚಾರ್ಯರು ಬಗೆಬಗೆಯಾಗಿ ಬೋಧಿಸಿದ್ದಾರೆ. ಎಂಬತ್ತು ದಾಟಿದ ಅಜ್ಜಿಯನ್ನು ನಾವು ಆ ವಾಹನದಲ್ಲಿ ಕೂರಿಸುತ್ತೇವೆ. ಘಟ್ಟದ ಇಳಿಜಾರಿನಲ್ಲಿ ಬ್ರೇಕು ಕೈಕೊಟ್ಟರೆ, ನೋಡಬಹುದಾಗಿದ್ದುದನ್ನು ನೋಡದೆ ಬಿಟ್ಟವರಾರು? ಇರುವೆಯನ್ನು ತುಳಿಯದಂತೆ ನೆಲ ನೋಡಿ ನಡೆಯುವ ನಾವು, ಹತ್ತು ಜೀವಗಳನ್ನು ಹೊರುವ ವಾಹನವನ್ನು ನೋಡದೆ ಕೊಳ್ಳುವುದು ಹೇಗೆ? ಅಲ್ಲದೆ, ಆ ಹಣವು ನಮ್ಮದಲ್ಲ, ದಾನಿಗಳದು. ಸ್ವಂತ ಹಣದಲ್ಲಿ ನಂಬಿ ಕೆಡುವ ಸ್ವಾತಂತ್ರ್ಯವು ನಮಗುಂಟು. ಪರರು ಒಪ್ಪಿಸಿದ ಹಣದಲ್ಲಿ ಆ ಸ್ವಾತಂತ್ರ್ಯವಿಲ್ಲ.

ಹಾಗಾದರೆ ಸಾಧರ್ಮಿಯ ಮನಸ್ಸಿಗಾಗುವ ನೋವಿನ ಮಾತೇನು? ಇದಕ್ಕೆ ಉತ್ತರವು ನಮ್ಮ ಅಡುಗೆಮನೆಯಲ್ಲಿಯೇ ಇದೆ. ನಾವು ನೀರನ್ನು ಸೋಸಿ ಬಳಸುತ್ತೇವೆ. ಬಾವಿಯ ಒಡೆಯನನ್ನು ಶಂಕಿಸಿ ಸೋಸುವುದಿಲ್ಲ. ಸ್ವಂತ ಬಾವಿಯ ನೀರನ್ನೂ ಸೋಸುತ್ತೇವೆ, ತವರುಮನೆಯ ಬಾವಿಯದನ್ನೂ ಸೋಸುತ್ತೇವೆ. ಆದುದರಿಂದಲೇ ಅದರಿಂದ ಯಾರೂ ನೊಂದವರಿಲ್ಲ. ಸೋಸುವುದು ಬಾವಿಯ ಕುರಿತ ತೀರ್ಪಲ್ಲ, ಸೋಸುವವನ ವ್ರತ.

ಅಂದು ನಮ್ಮ ಸಮಿತಿಯು ಕೊನೆಗೆ ಪರೀಕ್ಷೆ ಮಾಡಿಸಿತು. ಮೀಟರು ತೋರಿಸಿದ್ದಕ್ಕಿಂತ ಬಹಳ ಹೆಚ್ಚು ದೂರವನ್ನು ಆ ವಾಹನವು ಎಷ್ಟೋ ಮೊದಲೇ ಓಡಿತ್ತೆಂದು ಹಳೆಯ ಸರ್ವಿಸ್ ಲೆಕ್ಕ ಹೇಳಿತು. ನಮ್ಮ ಬಂಧುಗಳೂ ಅದನ್ನು ಮತ್ತೊಬ್ಬರಿಂದ ಕೊಂಡವರು. ಮೋಸಹೋದವರಲ್ಲಿ ಅವರೇ ಮೊದಲಿಗರು. ನಾವು ಆ ವಾಹನವನ್ನು ಕೊಳ್ಳಲಿಲ್ಲ. ಅವರು ನಿರಪರಾಧಿಗಳೆಂದು ಎಲ್ಲರೂ ಒಪ್ಪಿದರೂ ಬಹುಕಾಲ ಅವರು ಸಮಿತಿಯವರೊಡನೆ ಮೊದಲಿನಂತೆ ಮಾತನಾಡಲಿಲ್ಲ. ತಪ್ಪು ನಮ್ಮದೇ ಎಂದು ಈಗ ನನಗೆ ತೋರುತ್ತದೆ. ಪರೀಕ್ಷೆ ಮಾಡಿಸಿದ್ದು ತಪ್ಪಲ್ಲ, ಅವರ ಹೆಸರು ಬಂದ ಮೇಲೆ, “ಇವರನ್ನು ನಂಬಬಹುದೇ?” ಎಂಬಂತೆ ಅದನ್ನು ಸಭೆಯಲ್ಲಿ ಚರ್ಚಿಸಿದ್ದು ತಪ್ಪು. ನಿಯಮವು ಮೊದಲೇ ಇದ್ದಿದ್ದರೆ ಅದು ಯಾರ ಮೇಲಿನ ಶಂಕೆಯೂ ಆಗುತ್ತಿರಲಿಲ್ಲ.

ನೀರು ಸೋಸುವ ವಿಧಿಯಲ್ಲಿ ಇನ್ನೊಂದು ಭಾಗವೂ ಇದೆ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಬೀದಿಗೆ ಕೊಡವದೆ, ಆ ನೀರು ಬಂದ ಬಾವಿಗೇ ಮೆಲ್ಲನೆ ಹಿಂದಿರುಗಿಸಬೇಕು. ಪರೀಕ್ಷೆಯಲ್ಲಿ ಕಂಡ ದೋಷವನ್ನೂ ಹಾಗೆಯೇ ಮಾರುವವರಿಗೆ ಏಕಾಂತದಲ್ಲಿ ತಿಳಿಸಬೇಕು. ಉಪಗೂಹನವು ಇಲ್ಲಿ ಸಲ್ಲುತ್ತದೆ: ದೋಷವಿಲ್ಲವೆಂದು ನಟಿಸುವುದರಲ್ಲಿ ಅಲ್ಲ, ಅದನ್ನು ಊರಲ್ಲಿ ಸಾರದಿರುವುದರಲ್ಲಿ. ಕಂಡ ದೋಷವನ್ನೇ ಹಿಡಿದು ನ್ಯಾಯಕ್ಕಿಂತ ಕಡಿಮೆ ಬೆಲೆಗೆ ಬಗ್ಗಿಸುವುದೂ ಲೋಭವೇ. ಮುಂದೆ ನಾವೇ ಮಾರುವ ದಿನ ಬಂದಾಗ, ನಮ್ಮಲ್ಲಿರುವ ಪರೀಕ್ಷಾವರದಿಯನ್ನು ಕೇಳದಿದ್ದರೂ ಕೊಳ್ಳುವವನ ಕೈಗಿಡಬೇಕು. ಕೊಳ್ಳುವಾಗ ಸತ್ಯವನ್ನು ಹುಡುಕಿದವನು ಮಾರುವಾಗ ಅದನ್ನು ಬಚ್ಚಿಟ್ಟರೆ, ಅವನು ತೆತ್ತ ಶುಲ್ಕವು ಜಾಣತನಕ್ಕಾಯಿತೇ ಹೊರತು ಧರ್ಮಕ್ಕಲ್ಲ.

ಆದುದರಿಂದ ಬಸದಿಗಳ ಆಡಳಿತ ಮಂಡಳಿಗಳಲ್ಲಿ ನನ್ನದೊಂದು ವಿನಂತಿ. ಬಳಸಿದ ವಾಹನವಾಗಲಿ ಯಂತ್ರವಾಗಲಿ, ಮಾರುವವರು ಯಾರೇ ಆಗಿರಲಿ, ಪರೀಕ್ಷಿಸಿಯೇ ಕೊಳ್ಳುವುದು ಮತ್ತು ಅದರ ವೆಚ್ಚವನ್ನು ಬಸದಿಯೇ ಭರಿಸುವುದು ಎಂಬ ನಿರ್ಣಯವನ್ನು ಯಾವ ವ್ಯವಹಾರವೂ ಎದುರಿಗಿಲ್ಲದ ದಿನವೇ ನಡವಳಿ ಪುಸ್ತಕದಲ್ಲಿ ಬರೆದಿಡಿ. ಗೃಹಸ್ಥರೂ ತಮ್ಮ ಮನೆಗಳಲ್ಲಿ ಇಂಥದೊಂದು ನಿಯಮವನ್ನು ಕೈಗೊಂಡರೆ, ನಾಳೆ ಮಾರಲು ಬರುವ ಬಂಧುವಿನ ಮುಂದೆ ಸಂಕೋಚಪಡಬೇಕಾದ ಪ್ರಸಂಗವೇ ಒದಗದು.